ಪ್ರೈಮರಿ ಜೂನ್‌ವರೆಗೂ ಎಳೆದರೆ ಪಕ್ಷಕ್ಕೆ ನಿಜಕ್ಕೂ ಪೆಟ್ಟಾ? 2008ರ ಒಬಾಮ–ಹಿಲರಿ ಲೆಕ್ಕ

ಕುತೂಹಲಿ_ಮತದಾರ:
ಅಮೆರಿಕದ ಪ್ರೈಮರಿ (ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, ಒಳಜಗಳ ಕೊನೆಯವರೆಗೆ ಎಳೆದರೆ ಪಕ್ಷ ಒಡೆದು ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ ಸೋಲು ಗ್ಯಾರಂಟಿ. ಇನ್ನೊಂದು, ದೊಡ್ಡ ರಾಜ್ಯಗಳನ್ನು ಗೆದ್ದವರೇ ಗೆಲ್ಲುವ ಕುದುರೆ, ಟಿಕೆಟ್ ಅವರಿಗೇ ಹೋಗಬೇಕು. ಆದರೆ 2008ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಕ್ಯಾಲಿಫೋರ್ನಿಯ, ಓಹಾಯೊ, ಪೆನ್ಸಿಲ್ವೇನಿಯ, ನ್ಯೂಜೆರ್ಸಿ ಗೆದ್ದರೂ ಟಿಕೆಟ್ ಒಬಾಮಗೆ ಹೋಯಿತು, ಅವರು ನವೆಂಬರ್‌ನಲ್ಲೂ ಗೆದ್ದರು. ಅದೇ 1976ರಲ್ಲಿ ಫೋರ್ಡ್, 1980ರಲ್ಲಿ ಕಾರ್ಟರ್, ಇಬ್ಬರೂ ಹಾಲಿ ಅಧ್ಯಕ್ಷರು, ಪಕ್ಷದೊಳಗಿನ ಕಾದಾಟದ ಬಳಿಕ ಸೋತರು. ಇದರಲ್ಲಿ ನಿಯಮ ಯಾವುದು, ಅಪವಾದ ಯಾವುದು? ಅಷ್ಟು ರಾಜ್ಯ ಗೆದ್ದೂ ಹಿಲರಿಗೆ ಅಂತರ ಮುಚ್ಚಲು ಯಾಕಾಗಲಿಲ್ಲ ಅನ್ನೋದನ್ನು ಯಾರಾದರೂ ಲೆಕ್ಕ ಸಮೇತ ಹೇಳಿ.

ಲೆಕ್ಕದ_ಪುಸ್ತಕ:
ಕೊನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಡೆಮಾಕ್ರಟಿಕ್ ಪಕ್ಷದಲ್ಲಿ ರಾಜ್ಯ ಗೆದ್ದ ಮಾತ್ರಕ್ಕೆ ಅಲ್ಲಿನ ಡೆಲಿಗೇಟುಗಳೆಲ್ಲ (ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು) ಕೈಗೆ ಬರುವುದಿಲ್ಲ. ಶೇ 15 ದಾಟಿದವರಿಗೆಲ್ಲ ಮತಪ್ರಮಾಣದಂತೆ ಪಾಲು. ಅದರಲ್ಲೂ ಬಹುಪಾಲು ಹಂಚಿಕೆ ನಡೆಯುವುದು ರಾಜ್ಯದ ಮಟ್ಟದಲ್ಲಲ್ಲ, ಒಂದೊಂದು ಕ್ಷೇತ್ರದ ಮಟ್ಟದಲ್ಲಿ. ಆಟ ಇರುವುದೇ ಇಲ್ಲಿ. ಕಣದಲ್ಲಿ ಇಬ್ಬರೇ ಇದ್ದಾರೆ ಅಂದುಕೊಳ್ಳಿ. 4 ಡೆಲಿಗೇಟುಗಳ ಕ್ಷೇತ್ರದಲ್ಲಿ 3-1 ಆಗಬೇಕಾದರೆ ಶೇ 62.5 ದಾಟಬೇಕು; 60-40ರಂಥ ಭರ್ಜರಿ ಗೆಲುವಿಗೂ ಸಿಗುವುದು 2-2. 6ರ ಕ್ಷೇತ್ರದಲ್ಲಿ 4-2ಕ್ಕೆ ಶೇ 58.3 ದಾಟಬೇಕು. 5ರ ಕ್ಷೇತ್ರದಲ್ಲಾದರೆ ಒಂದೇ ಮತ ಮುಂದಿದ್ದರೂ 3-2, ಆದರೆ 4-1 ಬೇಕೆಂದರೆ ಶೇ 70ರ ಮೇಲೆ ಹೋಗಬೇಕು. ಹಾಗಾಗಿ ಎಲ್ಲಿ ದುಡ್ಡು ಸುರಿಯಬೇಕು ಅನ್ನೋದು ಸಮಸಂಖ್ಯೆ, ಬೆಸಸಂಖ್ಯೆಯ ಮೇಲೆ ನಿರ್ಧಾರವಾಗುತ್ತದೆ. ಸಮಬಲದ ಬೆಸಸಂಖ್ಯೆ ಕ್ಷೇತ್ರದಲ್ಲಿ ಕೊನೇ ವಾರದ ಓಡಾಟಕ್ಕೆ ಫಲ ಉಂಟು. 4ರ ಕ್ಷೇತ್ರದಲ್ಲಿ ಶೇ 52 ಇದ್ದದ್ದನ್ನು 57 ಮಾಡಿದರೆ ಚಿಕ್ಕಾಸೂ ಹುಟ್ಟುವುದಿಲ್ಲ.

ಇದರ ಪರಿಣಾಮ ನೋಡಬೇಕೆಂದರೆ ಫೆಬ್ರವರಿ 5, ಹಲವು ರಾಜ್ಯಗಳು ಒಂದೇ ದಿನ ಆರಿಸುವ ಸೂಪರ್ ಟ್ಯೂಸ್‌ಡೇ. ನ್ಯೂಜೆರ್ಸಿಯಲ್ಲಿ ಹಿಲರಿ ಸುಮಾರು 10 ಅಂಶಗಳಿಂದ ಗೆದ್ದರು. ಡೆಲಿಗೇಟ್ 59-48, ನಿವ್ವಳ ಲಾಭ 11. ಅದೇ ದಿನ ಪುಟ್ಟ ಐಡಾಹೊದ ಕಾಕಸ್‌ನಲ್ಲಿ (ಮತಗಟ್ಟೆಯ ಬದಲು ಪಕ್ಷದವರು ಸಭೆ ಸೇರಿ ಆರಿಸುವ ಪದ್ಧತಿ) ಒಬಾಮಗೆ ಶೇ 80ರ ಹತ್ತಿರ ಬಿತ್ತು. ಡೆಲಿಗೇಟ್ 15-3, ನಿವ್ವಳ 12. ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ರಾಜ್ಯದ ಗೆಲುವನ್ನು, 20 ಸಾವಿರದ ಆಸುಪಾಸು ಜನ ಸೇರಿದ ಸಭೆಗಳು ಅಳಿಸಿಹಾಕಿದವು. ಹಿಲರಿ ಪಾಳೆಯ ಕಾಕಸ್ ರಾಜ್ಯಗಳನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ ಇದು. ಟೆಕ್ಸಸ್‌ನಲ್ಲಂತೂ ಪ್ರೈಮರಿ ಗೆದ್ದದ್ದು ಹಿಲರಿ. ಅಲ್ಲೇ ಜೊತೆಗೆ ನಡೆದ ಕಾಕಸ್‌ನ ಪಾಲು ಸೇರಿಸಿದಾಗ ಡೆಲಿಗೇಟ್ ಲೆಕ್ಕ 99-94, ಒಬಾಮ ಮುಂದೆ!

ಫೆಬ್ರವರಿ ಮುಗಿಯುವಷ್ಟರಲ್ಲಿ ಒಬಾಮ 100ಕ್ಕೂ ಹೆಚ್ಚು ಡೆಲಿಗೇಟುಗಳಿಂದ ಮುಂದಿದ್ದರು. ಏಪ್ರಿಲ್ 22ರಂದು ಪೆನ್ಸಿಲ್ವೇನಿಯದಲ್ಲಿ ಹಿಲರಿ 9 ಅಂಶಗಳಿಂದ ಗೆದ್ದು ಗಳಿಸಿದ ನಿವ್ವಳ ಲಾಭ 12, ಅಂದರೆ 85-73. ಪ್ರಮಾಣಾನುಗುಣ ಹಂಚಿಕೆಯಲ್ಲಿ ಮುಂದಿರುವವರನ್ನು ಹಿಡಿಯುವುದು ಎಷ್ಟು ಕಷ್ಟವೋ, ಹಿಂದಿರುವವರನ್ನು ಹೊರದಬ್ಬುವುದೂ ಅಷ್ಟೇ ಕಷ್ಟ. ಜಗಳ ಎಳೆಯುವುದು ಅದಕ್ಕೇ. ಅದೇ ವರ್ಷ ರಿಪಬ್ಲಿಕನ್ನರಲ್ಲಿ ಹಲವು ರಾಜ್ಯಗಳು ಗೆದ್ದವರಿಗೆ ಇಡೀ ಗಂಟು ಕೊಡುತ್ತಿದ್ದವು. ಅವರ ಅಭ್ಯರ್ಥಿ ಮೆಕೇನ್ ಮಾರ್ಚ್ 4ಕ್ಕೇ ದಡ ಸೇರಿದರು.

ಮತಗಟ್ಟೆ_ಮೂಲೆ:
ಗೆಲ್ಲುವ ಕುದುರೆ ವಾದಕ್ಕೆ ಬರೋಣ. ಪ್ರೈಮರಿಯಲ್ಲಿ ಪೆನ್ಸಿಲ್ವೇನಿಯ ಸೋತವರು ನವೆಂಬರ್‌ನಲ್ಲೂ ಅಲ್ಲಿ ಸೋಲುತ್ತಾರೆ ಅನ್ನುವ ತರ್ಕದಲ್ಲೇ ದೋಷ ಇದೆ. ಪ್ರೈಮರಿಯಲ್ಲಿ ಮತ ಹಾಕುವವರಲ್ಲಿ ಬಹುತೇಕರು ಪಕ್ಷದವರೇ, ಯಾರು ನಿಂತರೂ ಹೆಚ್ಚಿನವರು ಮನೆಗೆ ಮರಳುವವರು. ಹಿಲರಿ ಗೆದ್ದಿದ್ದ ಓಹಾಯೊ, ಪೆನ್ಸಿಲ್ವೇನಿಯ, ನ್ಯೂಹ್ಯಾಂಪ್‌ಶೈರ್, ಇಂಡಿಯಾನ ಎಲ್ಲವನ್ನೂ ನವೆಂಬರ್‌ನಲ್ಲಿ ಒಬಾಮ ಗೆದ್ದರು. ತಿರುವುಮುರುವೂ ಉಂಟು: ಐಡಾಹೊ ಕಾಕಸ್ ಬಾಚಿಕೊಂಡವರಿಗೆ ನವೆಂಬರ್‌ನಲ್ಲಿ ಐಡಾಹೊ ಸಿಗಲಿಲ್ಲ. ಹಾಗಂತ ಪ್ರೈಮರಿ ಏನೂ ಹೇಳುವುದಿಲ್ಲ ಅಂತಲ್ಲ. ವೆಸ್ಟ್ ವರ್ಜೀನಿಯದಲ್ಲಿ ಹಿಲರಿ 41 ಅಂಶಗಳಿಂದ ಗೆದ್ದಾಗ ಕಂಡ ದೌರ್ಬಲ್ಯ ನಿಜವಾದದ್ದೇ ಆಗಿತ್ತು, ಒಬಾಮ ಆ ರಾಜ್ಯ ಸೋತರು.

ಸಮೀಕ್ಷೆಗಳನ್ನು ನಂಬುವಾಗಲೂ ತಾರೀಕು ನೋಡಿ. 2008ರ ಮಾರ್ಚ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಹಿಲರಿ ಬೆಂಬಲಿಗರಲ್ಲಿ ಶೇ 28ರಷ್ಟು ಮಂದಿ, ಒಬಾಮ ನಿಂತರೆ ಮೆಕೇನ್‌ಗೆ ಹಾಕುತ್ತೇವೆ ಅಂದಿದ್ದರು; ಒಬಾಮ ಬೆಂಬಲಿಗರಲ್ಲಿ ಹಿಲರಿ ನಿಂತರೆ ಹಾಗೆ ಮಾಡುತ್ತೇವೆ ಅಂದವರು ಶೇ 19. ನವೆಂಬರ್‌ನ ಮತಗಟ್ಟೆ ಸಮೀಕ್ಷೆಯಲ್ಲಿ ಡೆಮಾಕ್ರಟರ ಪೈಕಿ ಶೇ 89ರಷ್ಟು ಮಂದಿ ಒಬಾಮಗೇ ಹಾಕಿದ್ದರು. ಜಗಳದ ನಟ್ಟನಡುವೆ ಕೇಳಿದ ಪ್ರಶ್ನೆಗೆ ಬರುವುದು ಸಿಟ್ಟಿನ ಉತ್ತರ.

ಕುತೂಹಲಿ_ಮತದಾರ:
ಲೆಕ್ಕ ಅರ್ಥವಾಯಿತು, ಧನ್ಯವಾದ. ಗಣಿತ ಮುಗಿದಿದ್ದರೆ ಹಿಲರಿ ಜೂನ್‌ವರೆಗೆ ಯಾಕೆ ನಿಂತರು? ಸೂಪರ್ ಡೆಲಿಗೇಟುಗಳ ನಂಬಿಕೆಯ ಮೇಲಾ?

ಲೆಕ್ಕದ_ಪುಸ್ತಕ:
ಹೌದು. ಆಗ ಹೆಚ್ಚುಕಡಿಮೆ 800 ಮಂದಿ ಇದ್ದರು: ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು. ಸಮಾವೇಶದ ಐದನೇ ಒಂದು ಭಾಗ, ಯಾರಿಗೆ ಬೇಕಾದರೂ ಹಾಕಬಹುದಿತ್ತು. ಅಂತರ ಚಿಕ್ಕದಿದ್ದುದರಿಂದ ಇಬ್ಬರಿಗೂ ಬಹುಮತಕ್ಕೆ ಅವರು ಬೇಕೇಬೇಕು. ಗೆಲ್ಲುವ ಸಾಮರ್ಥ್ಯದ ವಾದವೆಲ್ಲ ಅವರ ಕಿವಿಗೇ ಹೇಳಿದ್ದು. ಆದರೆ ಅವರೂ ಚುನಾವಣೆ ಎದುರಿಸಬೇಕಾದ ರಾಜಕಾರಣಿಗಳು. ಜನ ಆರಿಸಿದ ಡೆಲಿಗೇಟುಗಳಲ್ಲಿ ಮುಂದಿರುವವರನ್ನು ಬೀಳಿಸಿದರೆ ತಮ್ಮ ಬುಡಕ್ಕೇ ಬೆಂಕಿ ಅಂತ ಗೊತ್ತಿತ್ತು. 2018ರಲ್ಲಿ ನಿಯಮ ಬದಲಾಯಿತು: ಪೈಪೋಟಿ ಇರುವ ಸಮಾವೇಶದ ಮೊದಲ ಸುತ್ತಿನಲ್ಲಿ ಅವರಿಗೆ ಮತವಿಲ್ಲ.

ಹಳೇ_ಕಡತ:
ಒಗ್ಗಟ್ಟಿನ ವಿಷಯ. ಕಾಲಾವಧಿಗಿಂತ ನೋಡಬೇಕಾದ್ದು ಸೋತವರು ಹೇಗೆ ಹೊರಬಂದರು, ನಿಯಮದ ಬಗ್ಗೆ ದೂರು ಉಳಿಯಿತೇ ಅನ್ನೋದು.

2008ರಲ್ಲಿ ಬಾಂಬ್ ಇದ್ದದ್ದು ಫ್ಲೋರಿಡ, ಮಿಷಿಗನ್‌ನಲ್ಲಿ. ಪಕ್ಷದ ಅನುಮತಿ ಇಲ್ಲದೆ ಜನವರಿಯಲ್ಲೇ ಪ್ರೈಮರಿ ಮಾಡಿದ್ದಕ್ಕೆ ಎರಡೂ ರಾಜ್ಯಗಳ ಡೆಲಿಗೇಟುಗಳನ್ನು ಕಿತ್ತುಕೊಳ್ಳಲಾಗಿತ್ತು. ಮಿಷಿಗನ್ ಮತಪತ್ರದಲ್ಲಿ ಒಬಾಮ ಹೆಸರೇ ಇರಲಿಲ್ಲ. ಮೇ 31ರಂದು ನಿಯಮಾವಳಿ ಸಮಿತಿ ಕೂತು ಪ್ರತಿ ಡೆಲಿಗೇಟಿಗೂ ಅರ್ಧ ಮತ ಕೊಟ್ಟಿತು. ಬಹುಮತದ ಗುರಿ 2,025 ಇದ್ದದ್ದು 2,118ಕ್ಕೆ ಏರಿತು. ಒಬಾಮ ಗುರಿ ಮುಟ್ಟಿದ ಮೇಲೆ, ಆಗಸ್ಟ್‌ನಲ್ಲಿ, ಪೂರ್ಣ ಮತ ವಾಪಸ್ ಬಂತು. ಫಲಿತಾಂಶ ಬದಲಾಗದು ಅಂತ ಖಾತ್ರಿಯಾದ ಮೇಲೆ ಉದಾರಿಯಾಗುವುದು ಸುಲಭ, ಆದರೂ ಕೆಲಸ ಮಾಡಿತು.

ಹಿಲರಿ ಜೂನ್ 7ರಂದು ಕಣದಿಂದ ಹಿಂದೆ ಸರಿದರು. ಜೂನ್ 27ರಂದು ಇಬ್ಬರೂ ನ್ಯೂಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಊರಿನಲ್ಲಿ ಒಂದೇ ವೇದಿಕೆ ಹತ್ತಿದರು. ಪ್ರೈಮರಿಯಲ್ಲಿ ಅಲ್ಲಿ ಇಬ್ಬರಿಗೂ ಬಿದ್ದದ್ದು ತಲಾ 107 ಮತ. ಹಿಲರಿ ಪ್ರಚಾರದ ಸಾಲ ತೀರಿಸಲು ನೆರವಾಗಿ ಅಂತ ಒಬಾಮ ತಮ್ಮ ದೇಣಿಗೆದಾರರನ್ನು ಕೇಳಿಕೊಂಡರು. ಇದನ್ನು ಯಾರೂ ಗಮನಿಸುವುದಿಲ್ಲ, ಆದರೆ ಸೋತ ಪಾಳೆಯದ ಸಿಬ್ಬಂದಿಯ ಮುನಿಸು ಕರಗಿಸಲು ಇದಕ್ಕಿಂತ ಒಳ್ಳೆ ದಾರಿಯಿಲ್ಲ. ಡೆನ್ವರ್ ಸಮಾವೇಶದಲ್ಲಿ ರಾಜ್ಯವಾರು ಮತ ಎಣಿಕೆ ನಡೆಯುತ್ತಿದ್ದಾಗ ಅದನ್ನು ನಿಲ್ಲಿಸಿ ಒಬಾಮರನ್ನು ಧ್ವನಿಮತದಿಂದ ಆರಿಸೋಣ ಎಂಬ ಸೂಚನೆ ಮಂಡಿಸಿದ್ದು ಸ್ವತಃ ಹಿಲರಿ.

1980ರಲ್ಲಿ ಇದರ ಉಲ್ಟಾ. ಹಾಲಿ ಅಧ್ಯಕ್ಷ ಕಾರ್ಟರ್ ಎದುರು ಲೆಕ್ಕದಲ್ಲಿ ಸೋತಿದ್ದರೂ ಅದೇ ಪಕ್ಷದ ಟೆಡ್ ಕೆನಡಿ ಆಗಸ್ಟ್‌ವರೆಗೆ ಬಿಡಲಿಲ್ಲ. ಡೆಲಿಗೇಟುಗಳು ತಮ್ಮ ಅಭ್ಯರ್ಥಿಗೆ ಕಟ್ಟುಬಿದ್ದಿರಬೇಕು ಎಂಬ ನಿಯಮವನ್ನೇ ಮುರಿಯಲು ಸಮಾವೇಶದಲ್ಲಿ ಯತ್ನಿಸಿ ಸೋತರು. ಕೊನೇ ರಾತ್ರಿ ವೇದಿಕೆಗೆ ಬಂದರೂ ಕಾರ್ಟರ್ ಜೊತೆ ಕೈ ಮೇಲೆತ್ತಿ ನಿಲ್ಲಲಿಲ್ಲ. ಟಿವಿಯಲ್ಲಿ ದೇಶ ನೋಡಿದ್ದು ಅದನ್ನೇ.

ಮತಗಟ್ಟೆ_ಮೂಲೆ:
ಕಾರ್ಟರ್ ಸೋಲನ್ನು ಕೆನಡಿ ತಲೆಗೆ ಕಟ್ಟುವುದು ಅತಿಯಾಯಿತು. ಹಣದುಬ್ಬರ, ಇರಾನ್‌ನಲ್ಲಿ ಒತ್ತೆಯಾಳುಗಳು. ಆ ಸ್ಥಿತಿಯಲ್ಲಿ ಹಾಲಿ ಅಧ್ಯಕ್ಷರಿಗೆ ಸವಾಲು ಎದುರಾದದ್ದೇ ಅವರು ಸೊರಗಿದ್ದರಿಂದ. 1976ರಲ್ಲಿ ಫೋರ್ಡ್ 1,187-1,070ರಲ್ಲಿ ಪಕ್ಷದೊಳಗಿನ ಎದುರಾಳಿ ರೇಗನ್‌ರನ್ನು ದಾಟಿದಾಗಲೂ ಅಷ್ಟೇ, ನಿಕ್ಸನ್‌ಗೆ ಕೊಟ್ಟ ಕ್ಷಮಾದಾನದ ಹೊರೆ ಮೊದಲೇ ಹೆಗಲ ಮೇಲಿತ್ತು. ಕಾಯಿಲೆಯ ಲಕ್ಷಣವನ್ನೇ ಕಾರಣ ಅನ್ನಬಾರದು. 2008ರಲ್ಲಿ ಹಾಲಿ ಅಧ್ಯಕ್ಷರು ಎದುರು ಪಕ್ಷದವರು, ಆರ್ಥಿಕತೆ ಸೆಪ್ಟೆಂಬರ್‌ನಲ್ಲಿ ಕುಸಿಯಿತು. ಜಗಳ ಎಳೆದದ್ದರಿಂದ ಇಂಡಿಯಾನ, ನಾರ್ತ್ ಕ್ಯಾರೊಲಿನದಂಥ ರಾಜ್ಯಗಳಲ್ಲಿ ಮೇ ತಿಂಗಳಲ್ಲೇ ಕಚೇರಿ, ಕಾರ್ಯಕರ್ತರ ಪಟ್ಟಿ, ಹೊಸ ಮತದಾರರ ನೋಂದಣಿ ಎಲ್ಲ ಸಿದ್ಧವಾಗಿದ್ದು ಲಾಭವೇ ಆಯಿತು. ನವೆಂಬರ್‌ನಲ್ಲಿ ಎರಡೂ ರಾಜ್ಯ ಕೂದಲೆಳೆಯಲ್ಲಿ ಒಬಾಮ ಕಡೆ ಬಂದವು.

ಕುತೂಹಲಿ_ಮತದಾರ:
ಕೊನೆಯದೊಂದು. ಟಿಕೆಟ್ ಸಿಗದವರು ಬಂಡಾಯವೆದ್ದು ಪಕ್ಷೇತರರಾಗಿ ನಿಲ್ಲುವುದು ಅಲ್ಲಿ ಯಾಕೆ ಇಷ್ಟು ಅಪರೂಪ?

ಹಳೇ_ಕಡತ:
ಪ್ರೈಮರಿಯಲ್ಲಿ ಸೋತವರು ಅದೇ ಹುದ್ದೆಗೆ ಮತ್ತೆ ಮತಪತ್ರದಲ್ಲಿ ಬರದಂತೆ ಬಹುಪಾಲು ರಾಜ್ಯಗಳಲ್ಲಿ ಕಾನೂನುಗಳಿವೆ. ಅಧ್ಯಕ್ಷ ಹುದ್ದೆಗೆ ಅನ್ವಯಿಸುತ್ತವೆಯೇ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದಕ್ಕಿಂತ ದೊಡ್ಡ ಅಡ್ಡಿ ಎಂದರೆ ಪ್ರತಿ ರಾಜ್ಯದಲ್ಲೂ ಬೇರೆ ಬೇರೆ ಸಂಖ್ಯೆಯ ಸಹಿ, ಬೇರೆ ಬೇರೆ ಗಡುವು. ಜಾನ್ ಆ್ಯಂಡರ್ಸನ್ 1980ರಲ್ಲಿ ರಿಪಬ್ಲಿಕನ್ ಪ್ರೈಮರಿ ಬಿಟ್ಟು ಏಪ್ರಿಲ್ ಕೊನೆಗೆ ಪಕ್ಷೇತರರಾದಾಗ ಓಹಾಯೊದ ಗಡುವು ಮಾರ್ಚ್‌ನಲ್ಲೇ ಮುಗಿದಿತ್ತು. ಕೋರ್ಟಿಗೆ ಹೋಗಿ ಹೆಸರು ಹಾಕಿಸಿಕೊಂಡರು, ದೇಶದಾದ್ಯಂತ ಶೇ 6.6 ಮತ ಬಂತು, ಒಂದು ರಾಜ್ಯವೂ ದಕ್ಕಲಿಲ್ಲ. ಅಷ್ಟು ಬೇಗ ಗಡುವು ಹಾಕುವುದು ಸಂವಿಧಾನಬಾಹಿರ ಅಂತ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿದ್ದು 1983ರಲ್ಲಿ. ಅಷ್ಟರಲ್ಲಿ ರೇಗನ್ ಅಧ್ಯಕ್ಷರಾಗಿ ಎರಡು ವರ್ಷ ದಾಟಿತ್ತು.