ಆಲ್ಮೋಸ್ಟ್ ಪೀರಿಯಾಡಿಕ್ ಆಪರೇಟರ್‌ಗಳ ಇಂಡೆಕ್ಸ್: ಹಾಸನದಲ್ಲಿದ್ದುಕೊಂಡು ಪಿಎಚ್.ಡಿ. ಮಾಡಬಹುದೇ?

ಕೇಳಿದವರು, ಹಾಸನ: ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಆಲ್ಮೋಸ್ಟ್ ಪೀರಿಯಾಡಿಕ್ ಫಂಕ್ಷನ್‌ಗಳಿಂದ, ಅಂದರೆ ಪೂರ್ತಿ ಅಲ್ಲದಿದ್ದರೂ ಹೆಚ್ಚುಕಡಿಮೆ ಮರುಕಳಿಸುವ ಫಂಕ್ಷನ್‌ಗಳಿಂದ, ಕಟ್ಟಿದ ಆಪರೇಟರ್‌ಗಳ ವಿಷಯವನ್ನು ಬೆಂಗಳೂರಿನ ಮಾರ್ಗದರ್ಶಕರು ಸೂಚಿಸಿದ್ದಾರೆ. ಕೆಲಸ ಬಿಡದೆ ಓಡಾಡಿಕೊಂಡು ಮಾಡಲು ಸಾಧ್ಯವೇ? ಅನುಭವವಿದ್ದವರು ತಿಳಿಸಿ.

ಕಡೂರಿನ ಉಪನ್ಯಾಸಕ: ಧೈರ್ಯವಾಗಿ ತೆಗೆದುಕೊಳ್ಳಿ ಮೇಡಂ, ನಾನು ಇದರಲ್ಲೇ ಮುಗಿಸಿದವನು. ಇಂಡೆಕ್ಸ್ ಅಂದರೆ ಆಪರೇಟರ್ ಸೊನ್ನೆ ಮಾಡುವ ಭಾಗದ ಆಯಾಮದಿಂದ ಅದು ಮುಟ್ಟದೆ ಬಿಡುವ ಭಾಗದ ಆಯಾಮ ಕಳೆದದ್ದು. ವೃತ್ತದ ಮೇಲಿನ ಟೋಪ್ಲಿಟ್ಸ್ ಆಪರೇಟರ್‌ನ (ಒಂದು ಫಂಕ್ಷನ್ನಿನಿಂದ ಗುಣಿಸಿ ಋಣ ಆವೃತ್ತಿಗಳನ್ನು ಕೈಬಿಡುವುದು) ಇಂಡೆಕ್ಸ್ ಪೂರ್ಣಾಂಕ, ಅದು ಗೊತ್ತೇ ಇದೆ. ಅರ್ಧರೇಖೆಗೆ, ಅಂದರೆ 0ಯಿಂದ ಬಲಕ್ಕಿರುವ ರೇಖೆಗೆ ಬನ್ನಿ. ಎಲ್ಲ ಫಂಕ್ಷನ್‌ಗಳನ್ನೂ 2.5ರಷ್ಟು ಬಲಕ್ಕೆ ಸರಿಸಿದರೆ 0ಯಿಂದ 2.5ರವರೆಗಿನ ತುಂಡು ಬರಿದಾಗುತ್ತದೆ. ಆ ತುಂಡಿನ ಮೇಲಿನ ಫಂಕ್ಷನ್‌ಗಳ ಆಯಾಮ ಅನಂತ. ಆಯಾಮಗಳು ಸೀಮಿತವಾಗಿರಬೇಕೆನ್ನುವ ಫ್ರೆಡ್‌ಹೋಮ್ ಸಿದ್ಧಾಂತ ಅಲ್ಲೇ ಕೈಚೆಲ್ಲುತ್ತದೆ. 1971ರಲ್ಲಿ ಕೋಬರ್ನ್, ಡಗ್ಲಸ್, ಶೇಫರ್, ಸಿಂಗರ್ ಟೈಪ್ ಎರಡು-ಅನಂತ ಫ್ಯಾಕ್ಟರಿನ (ಒಂದು ಬಗೆಯ ಫಾನ್ ನಾಯ್ಮನ್ ಆಲ್ಜೀಬ್ರ, ಅಂದರೆ ಆಪರೇಟರ್‌ಗಳ ಕೂಟ) ಟ್ರೇಸ್ ಹಿಡಿದು, ಅಂದರೆ ಅನಂತ ಆಯಾಮಕ್ಕೂ ಪೂರ್ಣಾಂಕವಲ್ಲದ ಅಳತೆ ಕೊಡುವ ಅಳತೆಗೋಲು ಹಿಡಿದು, ಅದನ್ನೇ ಅಳೆದರು: ಇಂಡೆಕ್ಸ್ ಋಣ 2.5. ಇದು ತಲೆಗೆ ಹೊಕ್ಕ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಗ್ರಾಫ್ ಥಿಯರಿ, ಹಾಸನ: ನಿಮಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ, ನನಗೆ ಸಾಲಕ್ಕೆ. ನಾನೂ ಇದಕ್ಕೇ ನೋಂದಾಯಿಸಿದ್ದೆ. ಫಾನ್ ನಾಯ್ಮನ್ ಆಲ್ಜೀಬ್ರ ಹೇಳಿಕೊಡುವವರು ಯಾರೂ ಸಿಗಲಿಲ್ಲ. ವಿದೇಶಿ ಪುಸ್ತಕ ಒಂದಕ್ಕೇ 9,800 ರೂಪಾಯಿ, ಜೆರಾಕ್ಸ್ ಬೈಂಡಿಂಗ್ 3,460, ವಿಷಯ ಬದಲಾವಣೆಗೆ 5,000, ತಡವಾಯಿತೆಂದು ದಂಡ 1,500. ಪ್ರಗತಿ ವರದಿ ಒಪ್ಪಿಸಿದಾಗಲೆಲ್ಲ ‘ಇದರ ಉಪಯೋಗವೇನು’ ಎಂಬ ಒಂದೇ ಪ್ರಶ್ನೆ. ಅಷ್ಟರಲ್ಲಿ ಕಾಲೇಜಿನವರು ತರಗತಿಗಳನ್ನು ಬೇರೆಯವರಿಗೆ ಕೊಟ್ಟರು. ಗ್ರಾಫ್ ಥಿಯರಿಗೆ ಬಂದ ಮೇಲೆಯೇ ಪದವಿ, ಕೆಲಸ ಎರಡೂ ದಕ್ಕಿದ್ದು.

ಕಡೂರಿನ ಉಪನ್ಯಾಸಕ: ಹೇಳಿಕೊಡುವವರಿಲ್ಲದ್ದಕ್ಕೆ ವಿಷಯದ ಮೇಲೆ ಗೂಬೆ ಕೂರಿಸಬೇಡಿ.

ಚಿಕ್ಕಮಗಳೂರಿನಿಂದ: ಎಲ್ಲ ಶ್ರೇಯವನ್ನೂ 1971ಕ್ಕೆ ಕಟ್ಟುವುದು ಅನ್ಯಾಯ ಸರ್. ಸೊನ್ನೆಯಿಂದ ದೂರವೇ ಉಳಿಯುವ, ಸಂಕೀರ್ಣ ಸಂಖ್ಯೆಗಳನ್ನು ಕೊಡುವ ಆಲ್ಮೋಸ್ಟ್ ಪೀರಿಯಾಡಿಕ್ ಫಂಕ್ಷನ್ನಿನ ಕೋನಕ್ಕೆ ಒಂದು ಸರಾಸರಿ ವೇಗವಿದೆ ಎಂದು ತೋರಿಸಿದವರು ಹರಾಲ್ಡ್ ಬೋರ್. ನಿಮ್ಮ 2.5 ಆ ವೇಗವೇ. ಅದು ಸೊನ್ನೆಯಾದರೆ ಮಾತ್ರ ವೀನರ್–ಹಾಫ್ ಆಪರೇಟರಿಗೆ (ಟೋಪ್ಲಿಟ್ಸ್‌ನ ಅರ್ಧರೇಖೆಯ ರೂಪ) ವಿಲೋಮವಿದೆ ಎಂದು ತೋರಿಸಿದವರು ಗೊಹ್‌ಬರ್ಗ್ ಮತ್ತು ಫೆಲ್ಡ್‌ಮನ್. ನಾನು ಹಿಡಿದದ್ದು ಶೂಬಿನ್ ಅವರ ದಾರಿ, ಆಲ್ಮೋಸ್ಟ್ ಪೀರಿಯಾಡಿಕ್ ಗುಣಾಂಕಗಳ ಎಲಿಪ್ಟಿಕ್ ಆಪರೇಟರ್‌ಗಳು (ಲಾಪ್ಲಾಸ್ ಆಪರೇಟರಿನ ಜಾತಿಯವು). ವಿಷಯ ಸಮೃದ್ಧವಾಗಿರುವುದು ಅಲ್ಲಿ. ಅರ್ಧರೇಖೆಯಲ್ಲೇ ನಿಂತವರಿಗೆ ಅದು ಕಾಣುವುದಿಲ್ಲ.

ಕಡೂರಿನ ಉಪನ್ಯಾಸಕ: ಟ್ರೇಸ್ ಇಲ್ಲದಿದ್ದರೆ ಬೋರ್ ಅವರ ವೇಗವನ್ನು ಇಂಡೆಕ್ಸ್ ಎಂದು ಕರೆಯಲು ಯಾರಿಗೂ ಹಕ್ಕಿರುತ್ತಿರಲಿಲ್ಲ. ಅರ್ಧರೇಖೆಯನ್ನು ಹಗುರಾಗಿ ನೋಡಬೇಡಿ.

ಗ್ರಾಫ್ ಥಿಯರಿ, ಹಾಸನ: ಮೇಡಂ ಕೇಳಿದ್ದು ಓಡಾಟದ ಬಗ್ಗೆ. ಬಸ್ಸು ನೆಲಮಂಗಲ ದಾಟುವುದರೊಳಗೆ ಜೀವ ಹೈರಾಣಾಗುತ್ತದೆ. ಶ್ರವಣಬೆಳಗೊಳದ ಮೇಲಿನ ರೈಲು ಮಾರ್ಗ 2017ರಲ್ಲೇ ಬಂದಿದೆ, ಅದರಲ್ಲಿ ಕೂತು ಓದಿಕೊಂಡಾದರೂ ಹೋಗಬಹುದು.

ಚಿಕ್ಕಮಗಳೂರಿನಿಂದ: ರೈಲಿನ ಸಮಯ ನಂಬಿದರೆ ಸೆಮಿನಾರಿನಿಂದ ಅರ್ಧಕ್ಕೇ ಎದ್ದು ಬರಬೇಕು. ಮುಖ್ಯವಾದ ಪ್ರಶ್ನೆಗಳು ಬರುವುದೇ ಕೊನೆಯಲ್ಲಿ. ಬಸ್ಸೇ ಸರಿ.

ಗ್ರಾಫ್ ಥಿಯರಿ, ಹಾಸನ: ಕೊನೆಯವರೆಗೆ ಕೂತು ನಡುರಾತ್ರಿ ಮನೆ ಸೇರಿದರೆ ಮರುದಿನ ಮೊದಲ ಪೀರಿಯಡ್ ಯಾರು ತೆಗೆದುಕೊಳ್ಳುತ್ತಾರೆ, ನೀವು ಬರುತ್ತೀರಾ?