'ಮೋರ್ ಟಾಲರ್' ಯಾಕೆ ತಪ್ಪು

ಪುಟ್ಟಿ, ನೀನು ಕೇಳಿದ್ದು ಈಗ ನೋಡಿದೆ. 'ಮೋರ್ ಬ್ಯೂಟಿಫುಲ್' ಸರಿ ಅಂದಮೇಲೆ 'ಮೋರ್ ಟಾಲರ್'ಗೆ ಟೀಚರ್ ಯಾಕೆ ಕೆಂಪು ಗೆರೆ ಹಾಕಿದರು ಅಂತ ತಾನೇ? ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಇಂಗ್ಲಿಷಿನಲ್ಲಿ ಹೋಲಿಸುವ ಕೆಲಸವನ್ನು ಒಂದೋ ಪದದ ಕೊನೆಯ 'ಅರ್' ಮಾಡಬೇಕು, ಇಲ್ಲ ಪದಕ್ಕೆ ಮೊದಲು ಬರುವ 'ಮೋರ್' ಮಾಡಬೇಕು. ಟಾಲರ್ ಅಂದ ಕೂಡಲೇ ಕೆಲಸ ಮುಗಿಯಿತು, ಮತ್ತೆ ಮೋರ್ ಯಾಕೆ? ಕನ್ನಡದಲ್ಲಿ 'ನನಗಿಂತ ಎತ್ತರ' ಅಂದರೆ ಸಾಕು, ಎತ್ತರ ಅನ್ನುವುದು ಎತ್ತರವಾಗಿಯೇ ಇರುತ್ತದೆ, ಅದೇ ರೂಢಿಯಲ್ಲಿ ನಮ್ಮವರು ಎಷ್ಟೋ ಜನ 'ಟಾಲ್ ದ್ಯಾನ್ ಮಿ' ಅಂದುಬಿಡುತ್ತಾರೆ. ಅದೂ ತಪ್ಪೇ.

ಯಾವುದಕ್ಕೆ ಯಾವುದು ಅಂತ ಗೊತ್ತಾಗಬೇಕಾದರೆ ಪದವನ್ನು ಬಾಯಿಬಿಟ್ಟು ಹೇಳಿ ಸಿಲಬಲ್, ಅಂದರೆ ಉಚ್ಚಾರದ ತುಂಡುಗಳನ್ನು, ಎಣಿಸು. ಒಂದೇ ಇದ್ದರೆ ಸಾಮಾನ್ಯವಾಗಿ ಅರ್, ಎಲ್ಲಕ್ಕಿಂತ ಹೆಚ್ಚು ಅನ್ನಬೇಕಾದರೆ ಎಸ್ಟ್. ಮೂರೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಮೋರ್, ಮೋಸ್ಟ್. ತಲೆನೋವು ಇರುವುದೇ ಎರಡು ಸಿಲಬಲ್ ಇರುವ ಪದಗಳಲ್ಲಿ. ಹ್ಯಾಪಿ ಥರ ಕೊನೆಗೆ ವೈ ಬಂದರೆ ಆ ವೈ ಹೋಗಿ ಐ ಆಗಿ ಹ್ಯಾಪಿಯರ್. ಕೇರ್‌ಫುಲ್, ಯೂಸ್‌ಫುಲ್ ಇಂಥವಕ್ಕೆ ಮೋರ್. ಸಿಂಪಲ್, ಕ್ವಯಟ್, ಕ್ಲೆವರ್‌ಗೆ ಎರಡೂ ನಡೆಯುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಸ್ಪೆಲಿಂಗ್ ಮಾತ್ರ ನೋಡಿಕೊ. ಬಿಗರ್‌ಗೆ ಎರಡು ಜಿ, ಯಾಕಂದರೆ ಬಿಗ್‌ನಲ್ಲಿ ಕೊನೆಯ ಜಿ ಹಿಂದೆ ಇರುವುದು ಒಂದೇ ಸ್ವರ. ಡೀಪ್‌ನಲ್ಲಿ ಎರಡು ಇ ಇದೆ ಅಲ್ವಾ, ಅದಕ್ಕೇ ಡೀಪರ್‌ಗೆ ಒಂದೇ ಪಿ.

ಗುಡ್, ಬೆಟರ್, ಬೆಸ್ಟ್. ಬ್ಯಾಡ್, ವರ್ಸ್, ವರ್ಸ್ಟ್. ಇವನ್ನು ಬಾಯಿಪಾಠ ಮಾಡು, ಬೇರೆ ದಾರಿ ಇಲ್ಲ. 'ವೆರಿ ಬೆಟರ್' ಬೇಡ, 'ಮಚ್ ಬೆಟರ್' ಅನ್ನು. ಸೀನಿಯರ್, ಜೂನಿಯರ್ ಬಂದರೆ ದ್ಯಾನ್ ಅಲ್ಲ, 'ಟು'. ಇನ್ನು 'ಒನ್ ಆಫ್ ದ ಬೆಸ್ಟ್' ಆದಮೇಲೆ ಬಹುವಚನವೇ ಬರಬೇಕು, ಸ್ಟೂಡೆಂಟ್ ಅಲ್ಲ, ಸ್ಟೂಡೆಂಟ್ಸ್. ದೊಡ್ಡ ದೊಡ್ಡವರೇ ಭಾಷಣದಲ್ಲಿ ಇಲ್ಲಿ ಎಡವುತ್ತಾರೆ, ಕಿವಿಗೊಟ್ಟು ಕೇಳು, ಗೊತ್ತಾಗುತ್ತದೆ.

ಆಮೇಲೆ ನಿನ್ನ ಅಣ್ಣ ನಿನ್ನ ಬಗ್ಗೆ 'ಮೋರ್ ಲೇಜಿ ದ್ಯಾನ್ ಸ್ಟುಪಿಡ್' ಅಂತ ಹಾಕಿದ್ದಾನಲ್ಲ, 'ಲೇಜಿಯರ್ ಅಲ್ವಾ?' ಅಂತ ನೀನು ತಿದ್ದೋಕೆ ಹೋಗಬೇಡ. ಅವನು ಬರೆದದ್ದು ಸರಿಯಾಗಿಯೇ ಇದೆ. ಅಲ್ಲಿ ಇಬ್ಬರನ್ನು ಹೋಲಿಸಿಲ್ಲ, ಒಬ್ಬಳಲ್ಲೇ ಇರುವ ಎರಡು ಗುಣಗಳನ್ನು ಹೋಲಿಸಿದ್ದಾನೆ, ಆಗ ಚಿಕ್ಕ ಪದಕ್ಕೂ ಮೋರ್ ಬರುತ್ತದೆ. ದಡ್ಡಿ ಅನ್ನುವುದಕ್ಕಿಂತ ಸೋಮಾರಿ ಅನ್ನಬಹುದು ಅಂತ ಅರ್ಥ. ಅದಕ್ಕೆ ಉತ್ತರ ನೀನೇ ಕೊಡು, ಇಂಗ್ಲಿಷಿನಲ್ಲೇ.