ಪದಚರ್ಚೆ: ಎಸಿಯ ಗ್ಯಾಸ್ ಮುಗಿಯುತ್ತದೆಯೋ, ಸೋರುತ್ತದೆಯೋ? ‘ಕಂಡೆನ್ಸರ್ ಹೋಗಿದೆ’ ಅಂದರೆ ಹೋದದ್ದು ಯಾವುದು?

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಸೊಸೈಟಿಯಲ್ಲಿ ಮರಾಠಿ ಅಷ್ಟಾಗಿ ಬಾರದ ಕನ್ನಡದ ಹಿರಿಯರು ಹಲವರಿದ್ದಾರೆ. ಅವರಿಗಾಗಿ ಎಸಿ ನಿರ್ವಹಣೆಯ ಬಗ್ಗೆ ಒಂದು ಪುಟದ ಕೈಚೀಟಿ ಬರೆಯುತ್ತಿದ್ದೇವೆ. ಮೂರು ಕಡೆ ಪದ ಸಿಗದೆ ಕೆಲಸ ನಿಂತಿದೆ.

ಒಂದು, ಮೆಕ್ಯಾನಿಕ್ ಮರಾಠಿಯಲ್ಲಿ ಹೇಳುವ ‘ಗ್ಯಾಸ್ ಸಂಪಲಾಯ್’ ಎಂಬ ಮಾತಿಗೆ ‘ಗ್ಯಾಸ್ ಮುಗಿದಿದೆ’ ಎಂದು ಬರೆದರೆ ಸರಿಯೇ? ಎರಡು, ‘ಕಂಡೆನ್ಸರ್ ಬದಲಿಸಿದೆ’ ಎಂದು ಒಂದು ಬಿಲ್ಲಿನಲ್ಲಿ ಕೆಲವು ನೂರು ರೂಪಾಯಿ, ಇನ್ನೊಂದರಲ್ಲಿ ಹತ್ತು ಸಾವಿರದ ಹತ್ತಿರ. ಇದು ಒಂದೇ ವಸ್ತುವೇ? ಮೂರು, ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಬರುವ ‘ಕಾಂಪ್ರಿಹೆನ್ಸಿವ್’ಗೆ ‘ಸಮಗ್ರ’ ಎಂದರೆ ಸಾಕೇ?

ಉತ್ತರ

‘ಮುಗಿದಿದೆ’ ಬೇಡವೇ ಬೇಡ. ಮುಗಿ, ತೀರು, ಖಾಲಿಯಾಗು, ಇವೆಲ್ಲ ಬಳಸಿದಷ್ಟೂ ಕಡಿಮೆಯಾಗುವ ವಸ್ತುವಿಗೆ ಸಲ್ಲುವ ಮಾತು. ಡಬ್ಬಿಯ ಅಕ್ಕಿ ತೀರುತ್ತದೆ, ಅಡುಗೆ ಸಿಲಿಂಡರ್ ಮುಗಿಯುತ್ತದೆ. ಎಸಿಯೊಳಗಿನ ಗ್ಯಾಸನ್ನು ಅಡುಗೆ ಗ್ಯಾಸಿನಂತೆ ಉರಿಸಿ ಬಳಸುವುದಿಲ್ಲ, ಅದು ಸವೆಯುವುದೂ ಇಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಹೊರಗೆ ದ್ರವವಾಗಿ, ಒಳಗೆ ಆವಿಯಾಗಿ, ಸುತ್ತುತ್ತಲೇ ಇರುತ್ತದೆ. ಹತ್ತು ವರ್ಷ ಓಡಿದರೂ ತೂಕ ಅಷ್ಟೇ ಇರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ಮರಾಠಿಯ ‘ಸಂಪಲಾ’ ಸಿಲಿಂಡರಿಗೆ ಹೇಳುವ ಮಾತು, ಅದೇ ಎಸಿಗೂ ಅಂಟಿಕೊಂಡಿದೆ. ನಾವು ಅದನ್ನು ಹಾಗೇ ಕನ್ನಡಕ್ಕೆ ತಂದರೆ ‘ಮುಗಿದಿದೆ, ತುಂಬಿಸೋಣ’ ಎಂಬ ಯೋಚನೆಯೂ ಜೊತೆಗೇ ಬರುತ್ತದೆ. ಪ್ರತಿ ಏಪ್ರಿಲಿನಲ್ಲಿ ಎರಡೂವರೆಯಿಂದ ನಾಲ್ಕು ಸಾವಿರ ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸುವ ಮನೆಗಳು ಹೀಗೇ ಹುಟ್ಟುತ್ತವೆ.

‘ಗ್ಯಾಸ್ ಸೋರಿದೆ’ ಎಂದು ಬರೆಯಿರಿ. ಸೋರಿದೆ ಅಂದ ಕೂಡಲೇ ‘ಎಲ್ಲಿ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕೇಳಬೇಕಾದ್ದು ಅದನ್ನೇ. ಹೆಚ್ಚಿನ ಸೋರಿಕೆ ಹೊರಘಟಕದ ಪಕ್ಕ ಎರಡು ಕೊಳವೆ ಸೇರುವ ಫ್ಲೇರ್ ನಟ್‌ನಲ್ಲಿ, ಇಲ್ಲವೇ ಒಳಘಟಕದ ಸುರುಳಿ ಕೊಳವೆಯಾದ ಕಾಯಿಲ್‌ನಲ್ಲಿ ಇರುತ್ತದೆ. ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರಿನ ಎಣ್ಣೆಯೂ ಗ್ಯಾಸಿನ ಜೊತೆ ಒಂದಿಷ್ಟು ಒಸರುವುದರಿಂದ, ಪುಣೆಯಂಥ ಧೂಳಿನ ಬೇಸಿಗೆಯಲ್ಲಿ ಆ ನಟ್‌ನ ಸುತ್ತ ಕಪ್ಪು ಜಿಡ್ಡಿನ ಉಂಗುರವೊಂದು ಕಾಣುತ್ತದೆ. ಅಲ್ಲಿಗೆ ಸೋಪಿನ ನೊರೆ ಹಚ್ಚಿ. ಮೊದಲು ಸಾಸಿವೆಯಷ್ಟು ಗುಳ್ಳೆ, ನೋಡನೋಡುತ್ತ ಬಟಾಣಿಯಷ್ಟಾಗಿ ಒಡೆದು, ಅದೇ ಜಾಗದಲ್ಲಿ ಮತ್ತೊಂದು ಎದ್ದರೆ ಸೋರಿಕೆ ಸಿಕ್ಕಿತು. ಕಾಯಿಲ್‌ನೊಳಗಿನ ಸೂಜಿಮೊನೆಯಷ್ಟು ತೂತುಗಳು ಹೀಗೆ ಸಿಗುವುದಿಲ್ಲ. ಅದಕ್ಕೆ ನೈಟ್ರೋಜನ್ ಒತ್ತಡ ಕೊಟ್ಟು ಗೇಜಿನ (ಒತ್ತಡ ಅಳೆಯುವ ಮೀಟರ್) ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡಬೇಕು.

ಆದ್ದರಿಂದ ‘ಗ್ಯಾಸ್ ತುಂಬಿಸು’ ಎಂಬ ಒಂದೇ ಮಾತನ್ನೂ ನಾಲ್ಕಾಗಿ ಬಿಡಿಸಿ ಬರೆಯುವುದು ಒಳ್ಳೆಯದು: ಸೋರಿಕೆ ಹುಡುಕುವುದು, ಮುಚ್ಚುವುದು, ಪಂಪಿನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವ ಎಳೆದು ತೆಗೆಯುವುದು (ವ್ಯಾಕ್ಯೂಮ್ ಮಾಡುವುದು), ತೂಗಿ ತುಂಬುವುದು. ಮೂರನೆಯದನ್ನೇ ಹೆಚ್ಚಾಗಿ ಹಾರಿಸುತ್ತಾರೆ. ಗಾಳಿ ಒಳಗೆ ಉಳಿದರೆ ಒತ್ತಡ ಏರುತ್ತದೆ, ತೇವ ಉಳಿದರೆ ಎಣ್ಣೆ ಕೆಡುತ್ತದೆ, ಕೊನೆಗೆ ಕಂಪ್ರೆಸರಿಗೇ ಪೆಟ್ಟು. ತೂಕ ಎಷ್ಟೆಂದು ಹೊರಘಟಕದ ಚೀಟಿಯಲ್ಲೇ ಅಚ್ಚಾಗಿರುತ್ತದೆ. 1.5 ಟನ್ ಎಸಿಯಾದರೆ ಸಾಮಾನ್ಯವಾಗಿ 600 ಗ್ರಾಮಿನಿಂದ ಒಂದು ಕಿಲೋ ಆಸುಪಾಸು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಏರಿಳಿಯುವುದರಿಂದ ಬರೀ ಗೇಜ್ ನೋಡಿ ತುಂಬಿದರೆ ಲೆಕ್ಕ ತಪ್ಪುತ್ತದೆ. ತಕ್ಕಡಿ ಬೇಕೇ ಬೇಕು. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸಿಗೆ ಮಂದವಾಗಿ ಹೊತ್ತಿಕೊಳ್ಳುವ ಗುಣವಿದೆ. ಗ್ಯಾಸ್ ಪೂರ್ತಿ ತೆಗೆಯದೆ ಬೆಸುಗೆಯ ಜ್ವಾಲೆ ತಾಗಿಸಬಾರದು ಎಂಬ ಸಾಲನ್ನೂ ಕೈಚೀಟಿಗೆ ಸೇರಿಸಿ.

ಎರಡನೆಯ ಪ್ರಶ್ನೆ ತುಂಬ ಮುಖ್ಯದ್ದು. ಅವು ಎರಡು ಬೇರೆ ವಸ್ತು. ವಿದ್ಯುತ್ತನ್ನು ಹಿಡಿದಿಡುವ ಡಬ್ಬಿಗೆ ಹಿಂದೆ ‘ಕಂಡೆನ್ಸರ್’ ಎಂದೇ ಹೆಸರಿತ್ತು. ವೋಲ್ಟಾ 1782ರಲ್ಲಿ ಬಳಸಿದ ಪದ ಅದು. ಪುಸ್ತಕಗಳಲ್ಲಿ ಈಗ ಅದು ಕೆಪಾಸಿಟರ್, ಕನ್ನಡದಲ್ಲಿ ಧಾರಕ. ಅಂಗಡಿ ಬೀದಿಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ, ‘ಫ್ಯಾನಿನ ಕಂಡೆನ್ಸರ್ ಕೊಡಿ’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಎಸಿಯಲ್ಲಿ ಮಾತ್ರ ಇನ್ನೊಂದು ಕಂಡೆನ್ಸರ್ ಇದೆ: ಬಿಸಿ ಗ್ಯಾಸನ್ನು ದ್ರವವಾಗಿಸುವ, ಹೊರಘಟಕದ ಹಿಂಬದಿಯನ್ನು ಆವರಿಸಿರುವ ಕಾಯಿಲ್. ಕೈಚೀಟಿಯಲ್ಲಿ ‘ಕಂಡೆನ್ಸರ್’ ಎಂಬ ಪದವನ್ನೇ ಬಿಟ್ಟು, ‘ಕೆಪಾಸಿಟರ್’ ಮತ್ತು ‘ಹೊರಗಿನ ಕಾಯಿಲ್’ ಎಂದು ಬರೆಯಿರಿ.

ಕೆಪಾಸಿಟರ್ ಸೋತರೆ ಹೊರಗಿನ ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಮಾತ್ರ ಕೆಲವು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಒಳಗೆ ಗಾಳಿ ಬರುತ್ತದೆ, ತಂಪಿರುವುದಿಲ್ಲ. ಬಿಸಿಲಿಗೆ ಕಾದ ಹೊರಘಟಕದಲ್ಲಿ ಕೂತ ಡಬ್ಬಿ ಬೇಸಿಗೆಯಲ್ಲೇ ಹೆಚ್ಚಾಗಿ ಕೈಕೊಡುತ್ತದೆ. ಮೈಮೇಲೆ ಅಚ್ಚಾದ ಮೈಕ್ರೋಫ್ಯಾರಡ್ ಅಂಕಿಯನ್ನು ಮೀಟರಿನಲ್ಲಿ ಅಳೆಯಲು ಹೇಳಿ. 50 ಇರಬೇಕಾದ್ದು, ಶೇ 5ರ ವಿನಾಯಿತಿಯಿದ್ದರೆ, 47.5ಕ್ಕಿಂತ ಕೆಳಗಿಳಿದಿದ್ದರೆ ಬದಲಿಸಬೇಕು. ವಿದ್ಯುತ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಮನೆಯವರು ಮುಟ್ಟಬಾರದು. ಇನ್ನೂ ಒಂದು ಗುರುತು: ಇನ್ವರ್ಟರ್ ಎಸಿಯ ಕಂಪ್ರೆಸರಿಗೆ ಈ ಬಗೆಯ ಬಿಡಿ ಕೆಪಾಸಿಟರ್ ಇರುವುದೇ ಇಲ್ಲ, ಅದನ್ನು ಪಿಸಿಬಿಯೇ (ಎಲೆಕ್ಟ್ರಾನಿಕ್ ಹಲಗೆ) ನಡೆಸುತ್ತದೆ. ಇನ್ವರ್ಟರ್ ಎಸಿಗೆ ‘ಕಂಡೆನ್ಸರ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಭಾಗ ಎಂದು ಬೆರಳಿಟ್ಟು ತೋರಿಸಲು ಕೇಳಿ.

ಇನ್ನೊಬ್ಬರ ಉತ್ತರ

ಮೇಲಿನ ಮಾತಿಗೆ ಪೂರ್ಣ ಒಪ್ಪಿಗೆ. ನೀರಿನ ವಿಷಯದಲ್ಲಿ ಒಂದೆರಡು ಕ್ರಿಯಾಪದ ಸೇರಿಸುತ್ತೇನೆ. ಗ್ಯಾಸಿಗೆ ‘ಸೋರು’ ಇಟ್ಟ ಮೇಲೆ ಒಳಘಟಕದಿಂದ ಬೀಳುವ ನೀರಿಗೆ ‘ತೊಟ್ಟಿಕ್ಕು’ ಇರಲಿ. ಎರಡಕ್ಕೂ ‘ಲೀಕ್’ ಎಂದರೆ ಫೋನಿನಲ್ಲಿ ದೂರು ಕೇಳುವವರು ಗ್ಯಾಸ್ ಸಿಲಿಂಡರ್ ಹೊತ್ತು ಬರುತ್ತಾರೆ. ಬೇಕಾದದ್ದು ನೀರು ಹೋಗುವ ಡ್ರೈನ್ ಪೈಪು ಊದಿ ತೆಗೆಯುವುದಷ್ಟೇ.

ಪುಣೆಯಲ್ಲಿ ಇದಕ್ಕೊಂದು ಕಾಲವೇ ಇದೆ. ಮಾರ್ಚ್, ಏಪ್ರಿಲಿನ ಒಣಹವೆಯಲ್ಲಿ ಕಾಯಿಲ್ ಮೇಲೆ ನೀರು ಕಟ್ಟುವುದೇ ಕಡಿಮೆ, ಹಾಗಾಗಿ ಧೂಳು ತೊಳೆದುಹೋಗದೆ ಒಣಗಿ ಕೂರುತ್ತದೆ. ಮೇ ಕೊನೆಯಲ್ಲಿ ಗಾಳಿಗೆ ತೇವ ಬಂದೊಡನೆ ಆ ಧೂಳು ಕೆಸರಾಗಿ ತಟ್ಟೆಗೆ ಇಳಿದು ಪೈಪಿನ ಬಾಯಿ ಕಟ್ಟುತ್ತದೆ, ಗೋಡೆಗೆ ನೀರು ಹರಿಯುತ್ತದೆ. ಹೀಗಾಗಿ ಬೇಸಿಗೆಗೆ ಮೊದಲು ಮಾಡಿಸುವ ಒಂದೇ ಸರ್ವಿಸ್ ಸಾಲದು, ಮೇ ತಿಂಗಳಲ್ಲಿ ಡ್ರೈನ್ ಒಮ್ಮೆ ನೋಡಿಸಬೇಕು. ಫಿಲ್ಟರನ್ನಂತೂ ಈ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ ತಣ್ಣೀರಿನಲ್ಲಿ, ಹಿಂಬದಿಯಿಂದ ನೀರು ಬಿಟ್ಟು ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಚೌಕಟ್ಟು ಸೊಟ್ಟಗಾಗುತ್ತದೆ.

‘ಸರ್ವಿಸ್’ ಎಂಬುದೂ ಎರಡು ಅರ್ಥದ ಪದ. ಡ್ರೈ ಸರ್ವಿಸ್ ಎಂದರೆ ಬ್ರಷ್ ಮತ್ತು ಬ್ಲೋವರ್, ವೆಟ್ ಅಥವಾ ಜೆಟ್ ಎಂದರೆ ಪಂಪಿನ ನೀರಿನಿಂದ ಕಾಯಿಲ್ ತೊಳೆಯುವುದು. ‘ಒಣ ಸರ್ವಿಸ್’, ‘ನೀರಿನ ಸರ್ವಿಸ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಒಂದು ಎಸಿಗೆ ನೀರಿನ ಸರ್ವಿಸ್ 500ರಿಂದ 800 ರೂಪಾಯಿ ಸುತ್ತ ಇರುತ್ತದೆ. ನೀರು ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳ ನೇರಕ್ಕೆ ಬೀಳಬೇಕು, ಓರೆಯಾಗಿ ಹೊಡೆದರೆ ರೆಕ್ಕೆ ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಕಾಂಪ್ರಿಹೆನ್ಸಿವ್‌ಗೆ ‘ಸಮಗ್ರ’ ಸಾಲದು, ಏನೆಲ್ಲ ಸೇರಿದೆ ಎಂದು ಆ ಪದ ಹೇಳುವುದಿಲ್ಲ. ‘ಬಿಡಿಭಾಗ ಸಹಿತ’ ಮತ್ತು ‘ಕೂಲಿ ಮಾತ್ರ’ ಎಂದು ಎರಡು ಬಗೆ ಮಾಡಿ. ಬಿಡಿಭಾಗ ಸಹಿತ ಎಂದಲ್ಲಿ ಗ್ಯಾಸ್, ಪಿಸಿಬಿ, ಕಂಪ್ರೆಸರ್ ಮೂರನ್ನೂ ಒಂದೊಂದಾಗಿ ಹೆಸರಿಸಿ ‘ಇದೆ’, ‘ಇಲ್ಲ’ ಎಂದು ಬರೆಸಿಕೊಳ್ಳಲು ಹೇಳಿ.

ಕೊನೆಗೆ, ದೂರು ಹೇಳುವಾಗಿನ ಎರಡು ಮರಾಠಿ ಮಾತು ಕೈಚೀಟಿಯ ಮೇಲ್ಭಾಗದಲ್ಲೇ ಇರಲಿ. ಗಾಳಿಯೇ ಕಡಿಮೆಯಿದ್ದರೆ ‘ಹವಾ ಕಮಿ ಯೇತೆ’: ದೋಷ ಇರುವುದು ಫಿಲ್ಟರ್, ಒಳಕಾಯಿಲ್ ಅಥವಾ ಒಳಗಿನ ಫ್ಯಾನಿನಲ್ಲಿ. ಗಾಳಿ ಜೋರಾಗಿದ್ದು ತಂಪಿಲ್ಲದಿದ್ದರೆ ‘ಹವಾ ಯೇತೆ, ಪಣ್ ಥಂಡ್ ನಾಹಿ’: ಆಗ ಹೊರಗಿನ ಕಾಯಿಲ್‌ನ ಧೂಳು, ಕೆಪಾಸಿಟರ್, ಗ್ಯಾಸ್, ಈ ಅನುಕ್ರಮದಲ್ಲಿ ನೋಡಿಸಿ. ಗ್ಯಾಸಿನ ಮಾತು ಬಂದರೆ ಹಿರಿಯರು ಹೇಳಬೇಕಾದ ಮರಾಠಿ ಇಷ್ಟು: ‘ಆಧಿ ಲೀಕ್ ಶೋಧಾ, ಮಗ್ ಗ್ಯಾಸ್ ಭರಾ’ (ಮೊದಲು ಸೋರಿಕೆ ಹುಡುಕಿ, ಆಮೇಲೆ ಗ್ಯಾಸ್ ತುಂಬಿ).